ಪ್ರಕೃತಿ ಶಿಬಿರ

ಪ್ರಕೃತಿ ಶಿಬಿರವು ವಿದ್ಯಾರ್ಥಿಗಳನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಪಕ್ಷಿಧಾಮ ಮೊದಲಾದ ಸಂರಕ್ಷಿತ ನೈಸರ್ಗಿಕ ಪ್ರದೇಶಗಳಿಗೆ ಕರೆದೊಯ್ದು, ಅಲ್ಲಿನ ಸಸ್ಯ, ಪ್ರಾಣಿ, ನೆಲ, ಜಲಗಳನ್ನು ನೇರವಾಗಿ ಗಮನಿಸುವುದರ ಮೂಲಕ ಕಲಿಸುವ ಹೊರಾಂಗಣ ಶಿಕ್ಷಣ ಕಾರ್ಯಕ್ರಮ. ಇದು ಒಂದು ದಿನದ ಭೇಟಿಯಾಗಿರಬಹುದು, ಎರಡು ಮೂರು ದಿನಗಳ ವಸತಿ ಶಿಬಿರವೂ ಆಗಿರಬಹುದು. ಭಾರತದಲ್ಲಿ ರಾಜ್ಯಗಳ ಅರಣ್ಯ ಇಲಾಖೆಗಳು, ಸ್ವಯಂಸೇವಾ ಸಂಸ್ಥೆಗಳು ಮತ್ತು ಶಾಲೆಗಳ ಪರಿಸರ ಸಂಘಗಳು ಇಂತಹ ಶಿಬಿರಗಳನ್ನು ನಡೆಸುತ್ತವೆ.

ಪ್ರಕೃತಿ ಶಿಬಿರವು ಶಾಲಾ ಪ್ರವಾಸಕ್ಕಿಂತಲೂ ಸಫಾರಿಗಿಂತಲೂ ಭಿನ್ನವಾದುದು. ಪ್ರವಾಸದಲ್ಲಿ ನೋಡುವುದೇ ಗುರಿ. ಶಿಬಿರದಲ್ಲಿ ನೋಡಿದ್ದನ್ನು ದಾಖಲಿಸಿ, ಅದರ ಕಾರಣವನ್ನು ವಿಚಾರಿಸಿ, ತನ್ನ ಊರಿನ ಬದುಕಿನೊಡನೆ ಹೋಲಿಸಿ ನೋಡುವುದು ಗುರಿ. ಮುಟ್ಟಿ, ಕಿತ್ತು, ಬಿಚ್ಚಿ ನೋಡಿ ಕಲಿಯುವುದು ಮಕ್ಕಳ ಸಹಜ ಕ್ರಮ. ಸಂರಕ್ಷಿತ ಪ್ರದೇಶದ ನಿಯಮವಾದರೋ ಏನನ್ನೂ ಕೀಳದೆ, ಒಯ್ಯದೆ, ಕೆಣಕದೆ ಇರುವುದು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡನ್ನು ಹೊಂದಿಸುವುದೇ ಪ್ರಕೃತಿ ಶಿಬಿರದ ಬೋಧನಾ ಕ್ರಮದ ಮುಖ್ಯ ಸಮಸ್ಯೆ.

ಹಿನ್ನೆಲೆ

ತರಗತಿಯ ಗೋಡೆಗಳ ಆಚೆ ಕಲಿಸುವ ವಿಚಾರ ಹಳೆಯದು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯಲ್ಲಿ ಮರಗಳ ನೆರಳಿನಲ್ಲಿ ಪಾಠಗಳು ನಡೆಯುತ್ತಿದ್ದವು. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಬೆಳೆಯಿತು. ಕುರ್ಟ್ ಹಾನ್ ಮತ್ತು ಅವರ ಸಹವರ್ತಿಗಳು 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆಯನ್ನು ತೆರೆದರು. ಈ ಪ್ರಯತ್ನಗಳಲ್ಲಿ ನಿಸರ್ಗವು ವ್ಯಕ್ತಿತ್ವವನ್ನು ರೂಪಿಸುವ ಸಾಧನವಾಗಿತ್ತು. ನಿಸರ್ಗದ ಉಳಿವು ಶಿಕ್ಷಣದ ನೇರ ಉದ್ದೇಶವಾದುದು ಅನಂತರದ ಕಾಲದಲ್ಲಿ. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಆಟ, ಕಲೆ ಮತ್ತು ಸುತ್ತಣ ನಿಸರ್ಗದೊಂದಿಗೆ ಬೆಸೆಯಲು ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ.

1972ರ ಸ್ಟಾಕ್‌ಹೋಮ್ ಸಮ್ಮೇಳನದ ಬಳಿಕ ಪರಿಸರ ಶಿಕ್ಷಣಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. 1977ರಲ್ಲಿ ಯುನೆಸ್ಕೋ ಸಂಸ್ಥೆಯು ಜಾರ್ಜಿಯಾದ ಟಿಬಿಲಿಸಿಯಲ್ಲಿ ನಡೆಸಿದ ಸಮ್ಮೇಳನವು ಅರಿವು, ಜ್ಞಾನ, ಮನೋಭಾವ, ಕೌಶಲ ಮತ್ತು ಪಾಲ್ಗೊಳ್ಳುವಿಕೆ ಎಂಬ ಐದು ಗುರಿಗಳನ್ನು ಪರಿಸರ ಶಿಕ್ಷಣಕ್ಕೆ ಗೊತ್ತುಪಡಿಸಿತು. ಇವುಗಳಲ್ಲಿ ಮೊದಲೆರಡನ್ನು ಪುಸ್ತಕದಿಂದಲೂ ತಕ್ಕಮಟ್ಟಿಗೆ ಪಡೆಯಬಹುದು. ಉಳಿದ ಮೂರಕ್ಕೆ ನೇರ ಅನುಭವ ಬೇಕು.

ಭಾರತದಲ್ಲಿ 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮತ್ತು 1969ರಲ್ಲಿ ಆರಂಭವಾದ ಡಬ್ಲ್ಯು.ಡಬ್ಲ್ಯು.ಎಫ್. ಇಂಡಿಯಾ ಸಂಸ್ಥೆಗಳು ವಿದ್ಯಾರ್ಥಿಗಳ ಪ್ರಕೃತಿ ಅಧ್ಯಯನಕ್ಕೆ ಆಸರೆಯಾದವು. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ ಸ್ಥಾಪನೆಯಾಯಿತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ನಿರ್ದೇಶನವು ಪರಿಸರವನ್ನು ಶಿಕ್ಷಣದ ಎಲ್ಲ ಹಂತಗಳಲ್ಲಿ ಕಡ್ಡಾಯ ವಿಷಯವನ್ನಾಗಿಸಲು ಕಾರಣವಾಯಿತು. ಕೇಂದ್ರ ಪರಿಸರ ಸಚಿವಾಲಯವು 2001-02ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ರೂಪುಗೊಂಡವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲರಹಿತ ಕಲಿಕೆಯನ್ನು ಸೂಚಿಸಿದೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಸಂರಕ್ಷಿತ ಪ್ರದೇಶಗಳ ಪ್ರವೇಶವನ್ನು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ ನಿಯಂತ್ರಿಸುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಸಂರಕ್ಷಣಾ ಮೀಸಲು ಮತ್ತು ಸಮುದಾಯ ಮೀಸಲು ಎಂಬ ನಾಲ್ಕು ಬಗೆಯ ಪ್ರದೇಶಗಳನ್ನು ಕಾಯ್ದೆಯು ಗುರುತಿಸುತ್ತದೆ; ಕೊನೆಯ ಎರಡು 2002ರ ತಿದ್ದುಪಡಿಯಿಂದ ಸೇರಿದವು. ಹುಲಿ ಮೀಸಲು ಪ್ರದೇಶಗಳಿಗೆ 2006ರ ತಿದ್ದುಪಡಿಯಲ್ಲಿ ಪ್ರತ್ಯೇಕ ಸ್ಥಾನ ದೊರೆತು, ಅವುಗಳಲ್ಲಿ ತಿರುಳು ವಲಯ ಮತ್ತು ಅಂಚಿನ ವಲಯ ಎಂಬ ವಿಭಾಗ ಜಾರಿಗೆ ಬಂದಿತು.

ಕಾಯ್ದೆಯ 27ನೆಯ ಪ್ರಕರಣದಂತೆ ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ಹಕ್ಕಿನ ಭೂಮಿಯುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮೊದಲಾದವರನ್ನು ಬಿಟ್ಟು ಉಳಿದವರು ಅನುಮತಿಯಿಲ್ಲದೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. 28ನೆಯ ಪ್ರಕರಣವು ಅನುಮತಿ ನೀಡಬಹುದಾದ ಉದ್ದೇಶಗಳನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಮೊದಲು ಬರುವುದು ವನ್ಯಜೀವಿಗಳ ಅಧ್ಯಯನ. ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ ಮತ್ತು ಪ್ರವಾಸೋದ್ಯಮಗಳು ಅನಂತರ ಬರುತ್ತವೆ. ವನ್ಯಜೀವಿಗಳನ್ನೂ ಅರಣ್ಯ ಉತ್ಪನ್ನಗಳನ್ನೂ ನಾಶಪಡಿಸುವುದು ಅಥವಾ ಹೊರಗೊಯ್ಯುವುದನ್ನು 29ನೆಯ ಪ್ರಕರಣವೂ, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 30ನೆಯ ಪ್ರಕರಣವೂ ನಿಷೇಧಿಸುತ್ತವೆ. ಉದುರಿದ ಗರಿ, ಬಿದ್ದ ಕೊಂಬು ಅಥವಾ ಬೀಜಗಳನ್ನು ನೆನಪಿಗಾಗಿ ತರಬಾರದೆಂದು ಶಿಬಿರಗಳಲ್ಲಿ ಹೇಳುವುದು ಈ ಕಾರಣದಿಂದ. ಸ್ಕೌಟ್ ಸಂಪ್ರದಾಯದಲ್ಲಿ ಮಹತ್ವ ಪಡೆದಿರುವ ಶಿಬಿರಾಗ್ನಿಗೆ ಅಭಯಾರಣ್ಯದಲ್ಲಿ ಸ್ಥಾನವಿಲ್ಲ.

ಶಿಬಿರದ ಸ್ವರೂಪ

ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವಜನ್ಯ ಕಲಿಕೆಯ ಸಿದ್ಧಾಂತದಲ್ಲಿ ಅನುಭವ, ಅವಲೋಕನ, ಪರಿಕಲ್ಪನೆ ಮತ್ತು ಪ್ರಯೋಗ ಎಂಬ ನಾಲ್ಕು ಹಂತಗಳು ಒಂದರ ಹಿಂದೆ ಒಂದು ಬರುತ್ತವೆ. ಉತ್ತಮ ಶಿಬಿರವೊಂದರ ಯೋಜನೆಯಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಶಿಬಿರದ ಕೆಲಸ ಶಾಲೆಯಲ್ಲಿ ಆರಂಭವಾಗಿ ಶಾಲೆಯಲ್ಲಿಯೇ ಮುಗಿಯುತ್ತದೆ. ಕಾಡಿನ ದಿನಗಳು ಅದರ ನಡುವಣ ಭಾಗ ಮಾತ್ರ.

ಪೂರ್ವಸಿದ್ಧತೆ: ಹೊರಡುವ ಮೊದಲು ವಿದ್ಯಾರ್ಥಿಗಳು ಆ ಪ್ರದೇಶದ ನಕಾಶೆಯನ್ನು ಓದುತ್ತಾರೆ, ನದಿ, ಬೆಟ್ಟ, ಊರುಗಳನ್ನು ಗುರುತಿಸುತ್ತಾರೆ. ಶಾಲೆಯ ಅಂಗಳದ ಕಾಗೆ, ಮೈನಾ, ಅಳಿಲುಗಳನ್ನು ಹತ್ತು ನಿಮಿಷ ಸುಮ್ಮನೆ ನೋಡಿ ಬರೆಯುವ ಅಭ್ಯಾಸವನ್ನು ಮಾಡಿಸಲಾಗುತ್ತದೆ. ಅಂಗಳದ ಹಕ್ಕಿಯನ್ನು ಗಮನಿಸಿ ರೂಢಿಯಿಲ್ಲದ ಮಗು ಕಾಡಿನಲ್ಲಿ ಹುಲಿಯನ್ನು ಮಾತ್ರ ಹುಡುಕುತ್ತದೆ. ಅದು ಕಾಣದಿದ್ದರೆ ನಿರಾಶೆಗೊಳ್ಳುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ', 'ಏರೋಪ್ಲೇನ್ ಚಿಟ್ಟೆ' ಮುಂತಾದ ಕನ್ನಡದ ಪುಸ್ತಕಗಳು ಈ ಹಂತದಲ್ಲಿ ಓದಿಗೆ ಒದಗುತ್ತವೆ.

ಕಾಡಿನಲ್ಲಿ: ವಿದ್ಯಾರ್ಥಿಗಳನ್ನು ಸಣ್ಣ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಒಬ್ಬ ಮಾರ್ಗದರ್ಶಿಯನ್ನೂ ಒಬ್ಬ ಅರಣ್ಯ ಸಿಬ್ಬಂದಿಯನ್ನೂ ನೇಮಿಸುವುದು ರೂಢಿ. ದಿನವು ಸೂರ್ಯೋದಯಕ್ಕೆ ಪಕ್ಷಿವೀಕ್ಷಣೆಯಿಂದ ಆರಂಭವಾಗುತ್ತದೆ. ಬಿಸಿಲೇರುವ ಮುನ್ನ ಕಾಲುದಾರಿಯ ನಡಿಗೆ, ಮಧ್ಯಾಹ್ನ ಟಿಪ್ಪಣಿ ಮತ್ತು ಚರ್ಚೆ, ಸಂಜೆ ನೀರಿನ ತಾಣದ ಸಮೀಪ ಮೌನ ವೀಕ್ಷಣೆ, ಕತ್ತಲಾದ ಮೇಲೆ ವಸತಿಯ ಆವರಣದಲ್ಲಿ ಆಕಾಶ ವೀಕ್ಷಣೆ ನಡೆಯುತ್ತವೆ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದುಡಿಯುವ ಅರಣ್ಯ ವೀಕ್ಷಕರೊಡನೆ ಸಂವಾದವು ಬಹುತೇಕ ಶಿಬಿರಗಳ ಭಾಗವಾಗಿದೆ. ಕಾಡನ್ನು ಕಾಯುವುದು ಮಳೆಯಲ್ಲಿ ಗಸ್ತು ತಿರುಗುವ, ಮನೆಯಿಂದ ದೂರವಿರುವ ಮನುಷ್ಯರ ದುಡಿಮೆಯೆಂಬುದು ಮಕ್ಕಳಿಗೆ ಅಲ್ಲಿ ತಿಳಿಯುತ್ತದೆ.

ಮರಳಿದ ಮೇಲೆ: ವಿದ್ಯಾರ್ಥಿಗಳು ತಮ್ಮ ದಾಖಲೆಗಳನ್ನು ಒಟ್ಟುಗೂಡಿಸಿ ಭಿತ್ತಿಪತ್ರಿಕೆ, ಪಕ್ಷಿಪಟ್ಟಿ ಅಥವಾ ವರದಿಯನ್ನು ಸಿದ್ಧಪಡಿಸುತ್ತಾರೆ. ಶಾಲೆಯ ಬಳಿಯ ಕೆರೆ ಅಥವಾ ಮರವೊಂದನ್ನು ವರ್ಷವಿಡೀ ಗಮನಿಸುವ ಕೆಲಸವನ್ನು ಕೈಗೊಳ್ಳಲೂಬಹುದು. ಮರಗಳಲ್ಲಿ ಚಿಗುರು, ಹೂವು, ಕಾಯಿ ಮೂಡುವ ಕಾಲವನ್ನು ವಿದ್ಯಾರ್ಥಿಗಳಿಂದಲೇ ದಾಖಲಿಸಿಕೊಳ್ಳುವ 'ಸೀಸನ್‌ವಾಚ್' ಯೋಜನೆಯಲ್ಲಿ ಭಾರತದ ಅನೇಕ ಶಾಲೆಗಳು ಪಾಲ್ಗೊಂಡಿವೆ.

ಕಲಿಕೆಯ ವಿಧಾನಗಳು

ಜೀವಿಯನ್ನು ಹಿಡಿಯದೆ, ಕೆಲವೊಮ್ಮೆ ಕಾಣದೆಯೂ, ಅದರ ಬಗ್ಗೆ ತಿಳಿಯುವುದು ಹೇಗೆಂಬುದೇ ಸಂರಕ್ಷಿತ ಪ್ರದೇಶದಲ್ಲಿ ಬಳಸುವ ವಿಧಾನಗಳ ಮೂಲ. ದಟ್ಟ ಕಾಡಿನಲ್ಲಿ ಪ್ರಾಣಿಗಳು ಎದುರಾಗುವುದು ಅಪರೂಪ. ಅವುಗಳ ಕುರುಹುಗಳು ಎಲ್ಲೆಡೆ ಇರುತ್ತವೆ.

ಹೆಜ್ಜೆ ಗುರುತುಗಳು: ಬೆಕ್ಕಿನ ಕುಲದ ಪ್ರಾಣಿಗಳು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಳ್ಳುವುದರಿಂದ ಹುಲಿ, ಚಿರತೆಗಳ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಇರುವುದಿಲ್ಲ. ಸೀಳುನಾಯಿಯ ಹೆಜ್ಜೆಯಲ್ಲಿ ಉಗುರು ಮೂಡಿರುತ್ತದೆ. ಜಿಂಕೆ, ಕಡವೆ, ಕಾಟಿಗಳ ಗೊರಸುಗಳನ್ನು ಗಾತ್ರದಿಂದಲೂ ಆಕಾರದಿಂದಲೂ ಬೇರ್ಪಡಿಸಬಹುದು. ಒಂದು ಕಾಲದಲ್ಲಿ ಹುಲಿಗಣತಿಯೂ ಹೆಜ್ಜೆ ಗುರುತುಗಳಿಂದಲೇ ನಡೆಯುತ್ತಿತ್ತು. ಆ ವಿಧಾನದ ದೋಷಗಳು ಸ್ಪಷ್ಟವಾದ ಬಳಿಕ, 2006ರಿಂದ ರಾಷ್ಟ್ರಮಟ್ಟದ ಅಂದಾಜಿನಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳು ಬಳಕೆಗೆ ಬಂದವು. ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತೆ ಇರುವುದಿಲ್ಲ. ಎರಡು ಛಾಯಾಚಿತ್ರಗಳನ್ನು ಕೊಟ್ಟು ಅವು ಒಂದೇ ಹುಲಿಯವೋ ಬೇರೆಯವೋ ಎಂದು ಪಟ್ಟೆಗಳನ್ನು ಹೋಲಿಸಿ ಹೇಳುವಂತೆ ಮಕ್ಕಳಿಗೆ ತಿಳಿಸುವುದು ಜನಪ್ರಿಯ ಚಟುವಟಿಕೆಯಾಗಿದೆ. ವಿಜ್ಞಾನವು ತನ್ನ ವಿಧಾನವನ್ನು ತಾನೇ ತಿದ್ದಿಕೊಳ್ಳುವ ಬಗೆಯನ್ನೂ ಈ ಪಾಠ ತೋರಿಸುತ್ತದೆ.

ಆನೆಯ ಲದ್ದಿ: ಆನೆಯು ದಿನಕ್ಕೆ 150 ಕಿಲೋಗ್ರಾಮಿನಷ್ಟು ಮೇವನ್ನು ತಿನ್ನಬಲ್ಲದು, ಅದರ ಅರ್ಧದಷ್ಟೂ ಪೂರ್ಣವಾಗಿ ಜೀರ್ಣವಾಗುವುದಿಲ್ಲ. ಲದ್ದಿಯಲ್ಲಿ ನಾರು, ಬಿದಿರಿನ ಚೂರು, ಹಣ್ಣಿನ ಬೀಜಗಳು ಹಾಗೆಯೇ ಉಳಿದಿರುತ್ತವೆ. ಮೊಳಕೆಯೊಡೆದ ಬೀಜ, ಲದ್ದಿಯನ್ನು ಉಂಡೆ ಮಾಡಿ ಒಯ್ಯುವ ಸಗಣಿ ಜೀರುಂಡೆ, ಅದರ ಮೇಲೆ ಕುಳಿತ ಚಿಟ್ಟೆ ಇವೆಲ್ಲವನ್ನೂ ಒಂದೆಡೆ ನೋಡಿದಾಗ ಆಹಾರ ಸರಪಳಿಯ ಪಾಠ ಅರ್ಥವಾಗುತ್ತದೆ. ಹೊಲದ ಬಾಳೆ, ಮಾವು, ಹಲಸಿನ ಅವಶೇಷ ಲದ್ದಿಯಲ್ಲಿ ಕಂಡರೆ ಆನೆಯು ಊರಿಗೆ ಬಂದಿತ್ತೆಂಬುದೂ ತಿಳಿಯುತ್ತದೆ.

ಧ್ವನಿ: ಐದು ನಿಮಿಷ ಕಣ್ಣು ಮುಚ್ಚಿ ಕುಳಿತು, ಕೇಳಿದ ಧ್ವನಿಗಳನ್ನು ದಿಕ್ಕಿನ ಪ್ರಕಾರ ಹಾಳೆಯ ಮೇಲೆ ಗುರುತಿಸುವುದನ್ನು ಧ್ವನಿ ನಕಾಶೆ ಎನ್ನುತ್ತಾರೆ. ಮರದ ಮೇಲಿನ ಮುಸುವ ಮತ್ತು ನೆಲದ ಮೇಲಿನ ಜಿಂಕೆಯ ಎಚ್ಚರಿಕೆಯ ಕೂಗುಗಳಿಂದ ಬೇಟೆಗಾರ ಪ್ರಾಣಿಯ ಇರುವನ್ನು ಅರಣ್ಯ ಸಿಬ್ಬಂದಿ ಊಹಿಸುವ ಕ್ರಮವನ್ನು ಮಕ್ಕಳು ಕಲಿಯುತ್ತಾರೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಸಮಾನವಾಗಿ ಪಾಲ್ಗೊಳ್ಳಬಹುದಾದ ಚಟುವಟಿಕೆ ಇದು.

ಮರ ಮತ್ತು ತೊರೆ: ಮರದ ಸುತ್ತಳತೆಯನ್ನು ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಅಳೆಯುವುದು ಅರಣ್ಯಶಾಸ್ತ್ರದ ವಾಡಿಕೆ. ನೆರಳಿನ ಉದ್ದದಿಂದ ಎತ್ತರವನ್ನು ಲೆಕ್ಕಹಾಕುವಾಗ ಗಣಿತದ ಸಮರೂಪ ತ್ರಿಭುಜಗಳು ಬಳಕೆಗೆ ಬರುತ್ತವೆ. ತೊರೆಯ ಕಲ್ಲುಗಳ ಅಡಿಯಲ್ಲಿ ಸ್ಟೋನ್‌ಫ್ಲೈ, ಮೇಫ್ಲೈ ಮೊದಲಾದ ಕೀಟಗಳ ಮರಿಗಳು ಹೇರಳವಾಗಿದ್ದರೆ ನೀರು ಶುದ್ಧವೆಂದು ತಿಳಿಯಬಹುದು. ಎತ್ತಿ ನೋಡಿದ ಕಲ್ಲನ್ನು ಇದ್ದಂತೆಯೇ ಇರಿಸಬೇಕೆಂಬುದು ಈ ಚಟುವಟಿಕೆಯ ಮೊದಲ ನಿಯಮ.

ಕರ್ನಾಟಕದಲ್ಲಿ

ಕರ್ನಾಟಕ ಅರಣ್ಯ ಇಲಾಖೆಯು 'ಚಿಣ್ಣರ ವನದರ್ಶನ' ಕಾರ್ಯಕ್ರಮದ ಮೂಲಕ ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುತ್ತದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು 2018ರಲ್ಲಿ ಆರಂಭಿಸಿದ 'ವೈಲ್ಡ್ ಶಾಲೆ' ಕಾರ್ಯಕ್ರಮವು ವನ್ಯಜೀವಿ ತಾಣಗಳ ಅಂಚಿನ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತದೆ. ರಾಜ್ಯದ ಸಂರಕ್ಷಿತ ಪ್ರದೇಶಗಳು ಒಂದೊಂದೂ ಬೇರೆ ಬೇರೆ ಪಾಠಕ್ಕೆ ಅನುಕೂಲವಾಗಿವೆ.

ರಂಗನತಿಟ್ಟು: ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ದ್ವೀಪಗಳಲ್ಲಿರುವ ಈ ಪಕ್ಷಿಧಾಮದ ವಿಸ್ತೀರ್ಣ ಕೇವಲ 0.67 ಚದರ ಕಿಲೋಮೀಟರ್. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಕಟ್ಟಿದ ಒಡ್ಡಿನಿಂದ ಈ ದ್ವೀಪಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ಇಲ್ಲಿ ಕೊಕ್ಕುಗಳ ಹೋಲಿಕೆಯೇ ಒಂದು ಪಾಠ. ಚಮಚಕೊಕ್ಕು ತನ್ನ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸಿ ಆಹಾರ ಹಿಡಿಯುತ್ತದೆ. ಬಾಯ್ಕಳಕವು ಬಸವನಹುಳುಗಳನ್ನು ತಿನ್ನುತ್ತದೆ. ಹೆಜ್ಜಾರ್ಲೆಯ ಕೊಕ್ಕಿನಡಿಯ ಚೀಲವು ಮೀನು ಹಿಡಿಯುವ ಬಲೆಯಂತಿದೆ. ಒಂದೇ ನದಿಯಲ್ಲಿ ಇಷ್ಟು ಹಕ್ಕಿಗಳು ಹೇಗೆ ಬದುಕುತ್ತವೆಂಬ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇರುತ್ತದೆ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದ್ವೀಪಗಳು ಮುಳುಗುತ್ತವೆ, ದೋಣಿ ವಿಹಾರ ನಿಲ್ಲುತ್ತದೆ. ಅಣೆಕಟ್ಟು, ಬೇಸಾಯ ಮತ್ತು ಗೂಡುಗಳ ನಡುವಣ ಸಂಬಂಧವನ್ನು ಇದರಿಂದ ವಿವರಿಸಬಹುದು.

ಕೊಕ್ಕರೆಬೆಳ್ಳೂರು: ಮದ್ದೂರು ತಾಲ್ಲೂಕಿನ ಈ ಗ್ರಾಮವನ್ನು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮತ್ತು ಆಲದ ಜಾತಿಯ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಕ್ಕಿಗಳ ಹಿಕ್ಕೆಯನ್ನು ಗ್ರಾಮಸ್ಥರು ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸದಲ್ಲಿ ಊರಿನ 'ಹೆಜ್ಜಾರ್ಲೆ ಬಳಗ'ವು ತೊಡಗಿದೆ. ಬೇಲಿಯಿಲ್ಲದೆಯೂ ಸಂರಕ್ಷಣೆ ಸಾಧ್ಯವೆಂಬುದಕ್ಕೆ ಉದಾಹರಣೆಯಾಗಿರುವ ಈ ಊರಿನಲ್ಲಿ ವಿದ್ಯಾರ್ಥಿಗಳು ಹಕ್ಕಿಗಳೊಂದಿಗೆ ಗ್ರಾಮಸ್ಥರನ್ನೂ ಮಾತನಾಡಿಸಿ ತಿಳಿಯಬಹುದು.

ಬಿಳಿಗಿರಿರಂಗನ ಬೆಟ್ಟ: ಚಾಮರಾಜನಗರ ಜಿಲ್ಲೆಯ ಈ ಕಾಡು 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ದೊರೆತವು. ನೆಲ್ಲಿಕಾಯಿ, ಹೆಜ್ಜೇನು, ಗೆಡ್ಡೆಗೆಣಸುಗಳ ಬಗ್ಗೆ ಸೋಲಿಗರಲ್ಲಿರುವ ತಿಳಿವಳಿಕೆ ವಿಸ್ತಾರವಾದುದು. ಒಣಗಿದ ತರಗೆಲೆಗಳಿಗೆ ಬೇಸಿಗೆ ಬಲಿಯುವ ಮುನ್ನವೇ ಸಣ್ಣದಾಗಿ ಹಚ್ಚುತ್ತಿದ್ದ 'ತರಗು ಬೆಂಕಿ' ನಿಂತುಹೋದುದೇ ಲಂಟಾನ ಕಳೆಯು ಹಬ್ಬಲು ಒಂದು ಕಾರಣವೆಂದು ಸೋಲಿಗರು ಅಭಿಪ್ರಾಯಪಡುತ್ತಾರೆ. ಬೆಂಕಿಯನ್ನು ನಿಷೇಧಿಸುವ ಕಾನೂನು ಮತ್ತು ಬೆಂಕಿಯನ್ನು ಬಳಸಬಲ್ಲ ಅನುಭವ ಎರಡನ್ನೂ ಮುಂದಿಟ್ಟು ವಿಚಾರಿಸಲು ಹಿರಿಯ ವಿದ್ಯಾರ್ಥಿಗಳಿಗೆ ಇದು ತಕ್ಕ ವಿಷಯ.

ಬಂಡೀಪುರ: 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಇದರ ಮೂಲಕ ಕೇರಳ ಮತ್ತು ತಮಿಳುನಾಡಿನ ಕಡೆಗೆ ಸಾಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂದಿತು. ಪ್ರಾಣಿಗಳ ಜೀವ, ವ್ಯಾಪಾರಿಗಳ ಅನುಕೂಲ, ರೋಗಿಗಳ ತುರ್ತು ಇವುಗಳ ನಡುವೆ ತೀರ್ಮಾನವೊಂದು ರೂಪುಗೊಳ್ಳುವ ಬಗೆಯನ್ನು ಚರ್ಚಿಸಲು ಈ ರಸ್ತೆಯೇ ಪಾಠವಾಗುತ್ತದೆ.

ಇತರ ರಾಜ್ಯಗಳಲ್ಲಿ

ಗುಜರಾತಿನ ರಾಜಕೋಟ್ ಜಿಲ್ಲೆಯಲ್ಲಿರುವ ಹಿಂಗೋಲಗಢವು ಪ್ರಕೃತಿ ಶಿಕ್ಷಣಕ್ಕೆಂದೇ ಮೀಸಲಾದ ಅಭಯಾರಣ್ಯವೆಂದು ಹೆಸರಾಗಿದೆ. 1980ರಲ್ಲಿ ಅಭಯಾರಣ್ಯವಾದ ಈ ಒಣ ಕುರುಚಲು ಕಾಡಿನ ವಿಸ್ತೀರ್ಣ ಸುಮಾರು 6.5 ಚದರ ಕಿಲೋಮೀಟರ್. ಜಸದಣದ ರಾಜಮನೆತನಕ್ಕೆ ಸೇರಿದ ಪಕ್ಷಿತಜ್ಞ ಲವಕುಮಾರ ಖಾಚರ್ ದೇಶದಲ್ಲಿ ಮಕ್ಕಳ ಪ್ರಕೃತಿ ಶಿಬಿರಗಳನ್ನು ಬೆಳೆಸಿದವರಲ್ಲಿ ಪ್ರಮುಖರು. ಗುಜರಾತ್ ಸರ್ಕಾರದ ಗೀರ್ ಪ್ರತಿಷ್ಠಾನವು ಇಲ್ಲಿ ಶಿಬಿರಗಳನ್ನು ನಡೆಸುತ್ತದೆ. ಕೇರಳದ ಅರಣ್ಯ ಇಲಾಖೆಯು ವಿದ್ಯಾರ್ಥಿಗಳಿಗೆ ಉಚಿತ ವಸತಿ ಶಿಬಿರಗಳನ್ನು ಏರ್ಪಡಿಸುತ್ತದೆ. ಮುಂಬಯಿಯಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನ ಗೋರೆಗಾಂವ್‌ನಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರವು ನಗರದ ಮಕ್ಕಳಿಗೆ ಕಾಡನ್ನು ಪರಿಚಯಿಸುತ್ತದೆ.

ಸುರಕ್ಷತೆ

ಪ್ರವೇಶಾನುಮತಿ, ಪೋಷಕರ ಲಿಖಿತ ಒಪ್ಪಿಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಸಮೀಪದ ಆಸ್ಪತ್ರೆಯ ಮಾಹಿತಿ ಪ್ರತಿ ಶಿಬಿರಕ್ಕೂ ಅವಶ್ಯ. ನಡಿಗೆಯನ್ನು ಹಗಲಿನಲ್ಲಿ ಮಾತ್ರ, ಅರಣ್ಯ ಸಿಬ್ಬಂದಿಯೊಡನೆ ಮಾತ್ರ ನಡೆಸಬೇಕು. ಕಾಡಿಗೆ ಹೊಂದುವ ಮಾಸಲು ಬಣ್ಣದ ಉಡುಪು, ಪಾದ ಮುಚ್ಚುವ ಪಾದರಕ್ಷೆ ಸೂಕ್ತ. ಹಾವು ಕಚ್ಚಿದಾಗ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಅಪಾಯಕರ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಕೂಡಲೇ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಸಾಗಿಸಬೇಕು.

ಮಲೆನಾಡಿನಲ್ಲಿ ಮಳೆಗಾಲದ ಉಂಬಳಗಳು ಕಿರಿಕಿರಿಯನ್ನಷ್ಟೇ ಉಂಟುಮಾಡುತ್ತವೆ. ಉಣುಗುಗಳ ವಿಷಯ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗುಗಳ ಮೂಲಕ ಹರಡುತ್ತದೆ. ಅದರ ಹಾವಳಿ ಹೆಚ್ಚುವ ಚಳಿಗಾಲದ ಕೊನೆ ಮತ್ತು ಬೇಸಿಗೆಯಲ್ಲಿ, ಮಂಗಗಳು ಸತ್ತ ವರದಿಯಿರುವ ಕಡೆ ಶಿಬಿರಗಳನ್ನು ನಡೆಸಬಾರದು. ಎಲೆಯುದುರುವ ಕಾಡುಗಳಲ್ಲಿ ಬೇಸಿಗೆಯು ಕಾಳ್ಗಿಚ್ಚಿನ ಕಾಲವೂ ಹೌದು.

ಟೀಕೆಗಳು ಮತ್ತು ಸವಾಲುಗಳು

ಒಮ್ಮೆ ಭೇಟಿಯಿತ್ತು ಮರಳುವ ಶಿಬಿರದ ಪರಿಣಾಮ ಬೇಗ ಮಾಸುತ್ತದೆಂಬುದು ಸಾಮಾನ್ಯ ಆಕ್ಷೇಪ. ಬಸ್ಸಿನ ತುಂಬ ಬಂದ ವಿದ್ಯಾರ್ಥಿಗಳನ್ನು ಸಫಾರಿಯಲ್ಲಿ ಸುತ್ತಿಸಿ ಕಳುಹಿಸಿದರೆ ಅದು ಹೆಸರಿಗಷ್ಟೇ ಶಿಬಿರವಾಗುತ್ತದೆ. ದೊಡ್ಡ ಗುಂಪಿನ ಗದ್ದಲದಿಂದ ಗೂಡುಕಟ್ಟುವ ಹಕ್ಕಿಗಳಿಗೂ ನೀರಿಗೆ ಬರುವ ಪ್ರಾಣಿಗಳಿಗೂ ತೊಂದರೆಯಾಗುತ್ತದೆ. ಖಾಸಗಿ ಶಿಬಿರಗಳ ಶುಲ್ಕವು ಬಡ ಮಕ್ಕಳ ಕೈಗೆಟುಕುವುದಿಲ್ಲ. ಶೌಚಾಲಯ ಮತ್ತು ವಸತಿಯ ಕೊರತೆಯಿರುವಲ್ಲಿ ಹೆಣ್ಣುಮಕ್ಕಳನ್ನು ಕಳುಹಿಸಲು ಪೋಷಕರು ಹಿಂಜರಿಯುತ್ತಾರೆ. ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಗಳು ಸಾಗಬಲ್ಲ ಕಾಲುದಾರಿಗಳು ವಿರಳ.

ಇವೆಲ್ಲಕ್ಕಿಂತ ಗಂಭೀರವಾದುದು ಕಾಡಂಚಿನ ಮಕ್ಕಳ ಪ್ರಶ್ನೆ. ನಗರದ ಮಗುವಿಗೆ ಆನೆಯು ವಿಸ್ಮಯ. ಕಾಡಂಚಿನ ಮಗುವಿಗೆ ಅದು ರಾತ್ರಿ ರಾಗಿಯ ಹೊಲವನ್ನು ತುಳಿದು ಹೋದ ಪ್ರಾಣಿ. ಮನೆಯವರು ಬೆಳೆ ಕಾಯಲು ರಾತ್ರಿ ಅಟ್ಟಣೆಯ ಮೇಲೆ ಕಳೆಯುವಾಗ, ಆನೆಯನ್ನು ಪ್ರೀತಿಸಬೇಕೆಂಬ ಉಪದೇಶ ಆ ಮಗುವಿಗೆ ನಾಟುವುದಿಲ್ಲ. ಅಭಯಾರಣ್ಯಗಳ ರಚನೆಯ ಕಾಲದಲ್ಲಿ ಕಾಡಿನಿಂದ ಹೊರಬರಬೇಕಾದ ಆದಿವಾಸಿ ಕುಟುಂಬಗಳ ಮಕ್ಕಳಾದರೋ ತಮ್ಮ ಹಿರಿಯರು ಬಾಳಿದ ನೆಲಕ್ಕೆ ಅನುಮತಿ ಪಡೆದು ಪ್ರವೇಶಿಸುವ ಅತಿಥಿಗಳಾಗುತ್ತಾರೆ. ಕಾಡನ್ನು ಮನುಷ್ಯರೇ ಇಲ್ಲದ ತಾಣವೆಂದು ಚಿತ್ರಿಸುವ ಶಿಬಿರಗಳು ಈ ಇತಿಹಾಸವನ್ನು ಮರೆಮಾಡುತ್ತವೆಂಬ ಟೀಕೆಯಿದೆ.

ಇದಕ್ಕೆ ಉತ್ತರವಾಗಿ, ಕಾಡಂಚಿನ ಶಾಲೆಗಳಿಗೆ ಬೇರೆಯೇ ಪಠ್ಯಕ್ರಮ ಬೇಕೆಂಬ ವಿಚಾರ ಬಲಗೊಂಡಿದೆ. ಆನೆ ಎದುರಾದಾಗ ನಡೆದುಕೊಳ್ಳಬೇಕಾದ ರೀತಿ, ಬೆಳೆಹಾನಿಗೆ ಪರಿಹಾರ ಪಡೆಯುವ ಕ್ರಮ, ಆನೆಗಳ ಸಂಚಾರ ಮಾರ್ಗಗಳ ಪರಿಚಯ ಇವು ಅಂತಹ ಪಠ್ಯದಲ್ಲಿ ಮೊದಲು ಬರುತ್ತವೆ. ಸ್ಥಳೀಯರೇ ಮಾರ್ಗದರ್ಶಿಗಳಾಗಿರುವ ಶಿಬಿರಗಳಲ್ಲಿ ಕಾಡಿನ ಮಗುವಿಗೆ ತನ್ನ ಮನೆಯ ತಿಳಿವಳಿಕೆಯೂ ಪಾಠವಾಗಬಲ್ಲುದೆಂಬ ಭರವಸೆ ಮೂಡುತ್ತದೆ. ನಗರದಿಂದ ಬಂದ ಮಗುವು ಕಾಡಿನ ಉಳಿವಿಗೆ ಅಂಚಿನ ಊರುಗಳು ತೆರುತ್ತಿರುವ ಬೆಲೆಯನ್ನು ಅರಿಯುತ್ತದೆ. ಸಂರಕ್ಷಿತ ಪ್ರದೇಶಗಳ ಮುಂದಿನ ಕಾಲವು ಈ ಎರಡು ಬಗೆಯ ಮಕ್ಕಳನ್ನೂ ಅವಲಂಬಿಸಿರುವುದರಿಂದ, ಇಬ್ಬರನ್ನೂ ಒಂದೇ ಶಿಬಿರದಲ್ಲಿ ಸೇರಿಸುವ ಪ್ರಯತ್ನಗಳಿಗೆ ವಿಶೇಷ ಮಹತ್ವವಿದೆ.